ಜೋಗೇಂದ್ರನಾಥ ಮಂಡಲ್: ಪ್ರಾತಿನಿಧ್ಯ ಮತ್ತು ಮೈತ್ರಿಯ ರಾಜಕಾರಣ

ಬಾಬಾಸಾಹೇಬ್ ಅಂಬೇಡ್ಕರ್ ಅವರ ಬದುಕನ್ನು ಕುರಿತ ಬರಹಗಳಲ್ಲಿ ಜೋಗೇಂದ್ರನಾಥ ಮಂಡಲ್ ಅವರ ಹೆಸರು ಸಾಮಾನ್ಯವಾಗಿ ಒಂದೇ ಸಂದರ್ಭದಲ್ಲಿ ಬರುತ್ತದೆ. 1946ರಲ್ಲಿ ಅಂಬೇಡ್ಕರ್ ಅವರಿಗೆ ಮುಂಬಯಿ ಪ್ರಾಂತದಿಂದ ಸಂವಿಧಾನ ಸಭೆಯನ್ನು ಪ್ರವೇಶಿಸುವ ದಾರಿ ಮುಚ್ಚಿದಾಗ ಬಂಗಾಳದಿಂದ ಅವರನ್ನು ಆರಿಸಿ ಕಳುಹಿಸಲು ಶ್ರಮಿಸಿದವರು ಎಂಬ ಉಲ್ಲೇಖ ಅದು. ಆ ಉಲ್ಲೇಖ ಮುಗಿದೊಡನೆ ಮಂಡಲ್ ಅವರೂ ಮರೆಯಾಗುತ್ತಾರೆ. ದೇಶವಿಭಜನೆಯ ಇತಿಹಾಸವನ್ನು ಕುರಿತ ಚರ್ಚೆಗಳಲ್ಲಿ ಅವರು ಮತ್ತೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ. ಪಾಕಿಸ್ತಾನದ ಮೊದಲ ಕಾನೂನು ಸಚಿವರಾಗಿ, ಮೂರೇ ವರ್ಷಗಳಲ್ಲಿ ರಾಜೀನಾಮೆ ಕೊಟ್ಟು ಭಾರತಕ್ಕೆ ಮರಳಿದ ಹಿಂದೂ ಮಂತ್ರಿಯಾಗಿ ಅವರನ್ನು ಅಲ್ಲಿ ಗುರುತಿಸಲಾಗುತ್ತದೆ. 1950ರ ಅಕ್ಟೋಬರ್ 8ರ ಅವರ ದೀರ್ಘ ರಾಜೀನಾಮೆ ಪತ್ರವನ್ನು ಮುಂದಿಟ್ಟುಕೊಂಡು ಕೆಲವರು ದಲಿತ-ಮುಸ್ಲಿಂ ಮೈತ್ರಿ ಎಂಬುದೇ ಅಸಾಧ್ಯವೆಂದು ವಾದಿಸುತ್ತಾರೆ. ಬೇರೆ ಕೆಲವರು ಅದೇ ಪತ್ರವನ್ನು ಅವಕಾಶವಾದಿಯೊಬ್ಬನ ತಡವಾದ ಪಶ್ಚಾತ್ತಾಪವೆಂದು ತಳ್ಳಿಹಾಕುತ್ತಾರೆ. ಎರಡೂ ನಿಲುವುಗಳು ಇಡೀ ಬದುಕನ್ನು ಒಂದು ಪತ್ರದಿಂದ ಹಿಂದಕ್ಕೆ ಓದುತ್ತವೆ.

ಮಂಡಲ್ ಅವರ ವೃತ್ತಿ ಮತ್ತು ರಾಜಕೀಯ ಜೀವನವನ್ನು ಅದು ನಡೆದ ಕ್ರಮದಲ್ಲಿಯೇ ಓದುವುದು ಈ ಲೇಖನದ ಉದ್ದೇಶ. ಹಾಗೆ ಓದಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವರ ಸ್ಥಾನಮಾನ ಪ್ರಾಂತದಿಂದ ಕೇಂದ್ರಕ್ಕೆ, ಅಲ್ಲಿಂದ ಹೊಸ ರಾಷ್ಟ್ರವೊಂದರ ಮಂತ್ರಿಮಂಡಲಕ್ಕೆ ಏರುತ್ತ ಹೋದಂತೆ, ಅವರ ಬೆನ್ನಿಗಿದ್ದ ಶಾಸಕರ ಸಂಖ್ಯೆ ಕುಸಿಯುತ್ತ ಹೋಯಿತು. ಅವರ ಬದುಕಿನ ವಿವಾದಗಳನ್ನೆಲ್ಲ ಈ ವೈರುಧ್ಯದ ಬೆಳಕಿನಲ್ಲಿ ನೋಡಬೇಕೆಂಬುದು ಇಲ್ಲಿನ ವಾದ.

1. ನೆಲೆ ಮತ್ತು ಹಿನ್ನೆಲೆ

ಜೋಗೇಂದ್ರನಾಥರು 1904ರ ಜನವರಿ 29ರಂದು ಪೂರ್ವ ಬಂಗಾಳದ ಬಾಕರ್‌ಗಂಜ್ ಜಿಲ್ಲೆಯ ಮೈಸ್ತಾರ್‌ಕಾಂದಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಜಿಲ್ಲಾ ಕೇಂದ್ರವಾದ ಬಾರಿಸಾಲ್‌ನ ಹೆಸರಿನಿಂದಲೇ ಈ ಪ್ರದೇಶ ಹೆಚ್ಚು ಪರಿಚಿತ. ನದಿ, ಕಾಲುವೆ, ಜೌಗು ನೆಲಗಳ ಈ ಸೀಮೆಯಲ್ಲಿ ನೀರು ನಿಂತ ಭೂಮಿಯನ್ನು ಹಸನು ಮಾಡಿ ಬತ್ತದ ಗದ್ದೆಯಾಗಿಸಿದ ದುಡಿಮೆಗಾರರಲ್ಲಿ ನಮಶೂದ್ರರು ಮುಖ್ಯರು. ಮಂಡಲ್ ಈ ಸಮುದಾಯಕ್ಕೆ ಸೇರಿದವರು. ವಸಾಹತುಶಾಹಿ ದಾಖಲೆಗಳು ಈ ಸಮುದಾಯವನ್ನು ಚಂಡಾಲರೆಂದು ಕರೆದಿದ್ದವು. ಆ ಹೆಸರನ್ನು ತೊಡೆದುಹಾಕಿ ನಮಶೂದ್ರ ಎಂಬ ಹೆಸರನ್ನು 1911ರ ಜನಗಣತಿಯಲ್ಲಿ ಪಡೆದುಕೊಳ್ಳುವುದಕ್ಕೆ ದೀರ್ಘ ಹೋರಾಟವೇ ನಡೆಯಬೇಕಾಯಿತು. 1931ರ ಜನಗಣತಿಯ ವೇಳೆಗೆ ಅವರ ಸಂಖ್ಯೆ ಸುಮಾರು 20 ಲಕ್ಷದಷ್ಟಿತ್ತು. ಬಾಕರ್‌ಗಂಜ್, ಫರೀದ್‌ಪುರ, ಜೆಸ್ಸೋರ್, ಖುಲ್ನಾ ಜಿಲ್ಲೆಗಳು ಅವರ ಮುಖ್ಯ ನೆಲೆಗಳಾಗಿದ್ದವು.

ಈ ಸಮುದಾಯದ ಎಚ್ಚರಕ್ಕೆ ಮಂಡಲ್ ಅವರಿಗಿಂತ ಹಿಂದಿನ ಚರಿತ್ರೆಯಿದೆ. 1872-73ರಲ್ಲಿ ಫರೀದ್‌ಪುರ ಮತ್ತು ಬಾಕರ್‌ಗಂಜ್ ಭಾಗದ ನಮಶೂದ್ರರು ಮೇಲ್ಜಾತಿಯವರ ಹೊಲಮನೆಗಳ ಕೆಲಸವನ್ನು ತಿಂಗಳುಗಳ ಕಾಲ ಬಹಿಷ್ಕರಿಸಿದ್ದರು. ಹರಿಚಾಂದ್ ಠಾಕೂರ್ ಆರಂಭಿಸಿದ ಮತುವಾ ಪಂಥವನ್ನು ಅವರ ಮಗ ಗುರುಚಾಂದ್ ಠಾಕೂರ್ ಒಂದು ಸಾಮಾಜಿಕ ಚಳವಳಿಯಾಗಿ ಬೆಳೆಸಿದರು. ಮಂತ್ರ, ಗುರುದೀಕ್ಷೆ, ಪುರೋಹಿತಶಾಹಿಗಳನ್ನು ಬದಿಗಿಟ್ಟು ದುಡಿಮೆಯಲ್ಲಿಯೇ ಭಕ್ತಿಯನ್ನು ಕಾಣುವ ಈ ಪಂಥ ಶಾಲೆ ಕಟ್ಟುವುದನ್ನು ತನ್ನ ಮುಖ್ಯ ಕಾರ್ಯವಾಗಿಸಿಕೊಂಡಿತು. ವಚನಕಾರರ ಕಾಯಕತತ್ತ್ವವನ್ನು ಬಲ್ಲ ಕನ್ನಡದ ಓದುಗರಿಗೆ ಈ ಮನೋಧರ್ಮ ಅಪರಿಚಿತವಲ್ಲ. ಗುರುಚಾಂದರು ಬಂಗಾಳದ ಸ್ವದೇಶಿ ಚಳವಳಿಯಿಂದ ತಮ್ಮ ಜನರನ್ನು ದೂರವಿಟ್ಟಿದ್ದನ್ನೂ ಇಲ್ಲಿ ಗಮನಿಸಬೇಕು. ಜಮೀನ್ದಾರರು, ವಕೀಲರು ಮತ್ತು ಸರ್ಕಾರಿ ನೌಕರರಾಗಿದ್ದ ಭದ್ರಲೋಕದ ರಾಷ್ಟ್ರೀಯತೆಯಲ್ಲಿ ತಮಗೆ ಪಾಲಿಲ್ಲವೆಂಬ ಅರಿವು ನಮಶೂದ್ರರಲ್ಲಿ ಮಂಡಲ್ ಹುಟ್ಟುವ ಕಾಲಕ್ಕೇ ಬೇರೂರಿತ್ತು.

ಮಂಡಲ್ ಅವರು ಬಾರಿಸಾಲ್‌ನ ಬ್ರಜಮೋಹನ ಕಾಲೇಜಿನಿಂದ 1929ರಲ್ಲಿ ಪದವಿ ಪಡೆದರು. 1934ರಲ್ಲಿ ಕಲ್ಕತ್ತೆಯಲ್ಲಿ ಕಾನೂನು ಪದವಿ ಮುಗಿಸಿ, 1936ರ ಹೊತ್ತಿಗೆ ವಕೀಲಿಯನ್ನು ಆರಂಭಿಸಿ ಬಾರಿಸಾಲ್‌ನ ನ್ಯಾಯಾಲಯಕ್ಕೆ ಮರಳಿದರು. ಗೇಣಿ, ಸಾಲ, ಒಕ್ಕಲೆಬ್ಬಿಸುವಿಕೆಗಳ ವ್ಯಾಜ್ಯಗಳು ತುಂಬಿದ್ದ ಜಿಲ್ಲೆ ಅದು. ಕಕ್ಷಿದಾರನು ಹಿಂದೂವಾಗಲಿ ಮುಸ್ಲಿಮನಾಗಲಿ, ಅವನ ಎದುರು ನಿಲ್ಲುವವನು ಬಹುಮಟ್ಟಿಗೆ ಅದೇ ಜಮೀನ್ದಾರ ಅಥವಾ ಅದೇ ಸಾಲಿಗನಾಗಿರುತ್ತಿದ್ದನು. ಮುಂದೆ ಮಂಡಲ್ ಮಂಡಿಸಿದ ಮೈತ್ರಿಯ ತರ್ಕಕ್ಕೆ ಈ ಸಾಮಾಜಿಕ ವಾಸ್ತವ ಒಂದು ಗಟ್ಟಿ ಆಧಾರವಾಗಿತ್ತು.

2. 1937: ಸಾಮಾನ್ಯ ಕ್ಷೇತ್ರದ ಗೆಲುವು

1932ರ ಪೂನಾ ಒಪ್ಪಂದದ ಪ್ರಕಾರ ಬಂಗಾಳದ ಶಾಸನಸಭೆಯಲ್ಲಿ ಪರಿಶಿಷ್ಟ ಜಾತಿಗಳಿಗೆ 30 ಸ್ಥಾನಗಳು ದೊರೆತವು. ಒಟ್ಟು ಸದಸ್ಯರ ಸಂಖ್ಯೆ 250. ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು. ಪರಿಶಿಷ್ಟರ ಮೀಸಲು ಸ್ಥಾನಗಳಿಗೆ ಮಾತ್ರ ಅಂತಿಮ ಮತದಾನದಲ್ಲಿ ಸವರ್ಣೀಯರೂ ಸೇರಿದ ಜಂಟಿ ಮತಕ್ಷೇತ್ರವಿತ್ತು. ಮೀಸಲು ಕ್ಷೇತ್ರದಲ್ಲಿ ಗೆಲ್ಲುವ ಪರಿಶಿಷ್ಟ ಅಭ್ಯರ್ಥಿ ಅನ್ಯರ ಮತಗಳ ಹಂಗಿಗೆ ಒಳಗಾಗುವಂಥ ವ್ಯವಸ್ಥೆ ಇದಾಗಿತ್ತು. ಅಂಬೇಡ್ಕರ್ ಅವರು ಮುಂದೆ ಪೂನಾ ಒಪ್ಪಂದವನ್ನು ಕುರಿತು ಮಾಡಿದ ಟೀಕೆಯ ತಿರುಳೂ ಇದೇ.

1937ರ ಚುನಾವಣೆಯಲ್ಲಿ ಮಂಡಲ್ ಸ್ಪರ್ಧಿಸಿದ್ದು ಮೀಸಲು ಸ್ಥಾನಕ್ಕಲ್ಲ. ಬಾಕರ್‌ಗಂಜ್ ಈಶಾನ್ಯ ಗ್ರಾಮೀಣ ಸಾಮಾನ್ಯ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಅವರು ಕಾಂಗ್ರೆಸ್ಸಿನ ಸರಳಕುಮಾರ ದತ್ತರನ್ನು ಸೋಲಿಸಿದರು. ದತ್ತರು ಬಾರಿಸಾಲ್‌ನ ಸ್ವದೇಶಿ ಚಳವಳಿಯ ನಾಯಕರಾದ ಅಶ್ವಿನಿಕುಮಾರ ದತ್ತರ ಮನೆತನದವರು. ಮಂಡಲ್ ಓದಿದ ಬ್ರಜಮೋಹನ ಕಾಲೇಜು ಅಶ್ವಿನಿಕುಮಾರರು ಸ್ಥಾಪಿಸಿದ್ದೇ ಆಗಿತ್ತು. ವಕೀಲಿಗೆ ಇಳಿದು ವರ್ಷವೂ ಸರಿಯಾಗಿ ತುಂಬಿರದ 33ರ ಹರೆಯದ ನಮಶೂದ್ರ ಯುವಕನೊಬ್ಬ ಸಾಮಾನ್ಯ ಕ್ಷೇತ್ರದಲ್ಲಿ ಗಳಿಸಿದ ಈ ಗೆಲುವು ಅಂದಿನ ಬಂಗಾಳದಲ್ಲಿ ಅಪೂರ್ವವಾದದ್ದು.

ಈ ಘಟ್ಟದಲ್ಲಿ ಮಂಡಲ್ ಕಾಂಗ್ರೆಸ್ಸಿನ ಕಡುವಿರೋಧಿಯೇನೂ ಆಗಿರಲಿಲ್ಲ. ಸುಭಾಷಚಂದ್ರ ಬೋಸ್ ಮತ್ತು ಶರತ್‌ಚಂದ್ರ ಬೋಸ್ ಸಹೋದರರೊಡನೆ ಅವರಿಗೆ ನಿಕಟ ಸಂಪರ್ಕವಿತ್ತು. ಬೋಸ್ ಸಹೋದರರು ಕಾಂಗ್ರೆಸ್ಸಿನ ರಾಷ್ಟ್ರೀಯ ನಾಯಕತ್ವದಿಂದ ದೂರ ಸರಿಯಬೇಕಾಗಿ ಬಂದಾಗ, ಕಾಂಗ್ರೆಸ್ಸಿನೊಳಗೆ ಮಂಡಲ್ ಅವರಂಥವರಿಗಿದ್ದ ಬಾಗಿಲೂ ಮುಚ್ಚಿಕೊಂಡಿತು. ಅವರ ಲೀಗ್ ಮೈತ್ರಿಯನ್ನು ಚರ್ಚಿಸುವವರು ಅದಕ್ಕೆ ಹಿಂದಿನ ಈ ಪ್ರಯತ್ನವನ್ನು ಸಾಮಾನ್ಯವಾಗಿ ಕಡೆಗಣಿಸುತ್ತಾರೆ.

3. 1943: ಸಂಖ್ಯೆಯ ಬಲದ ಮೈತ್ರಿ

1943ರಲ್ಲಿ ಫಜಲುಲ್ ಹಕ್ ಅವರ ಸರ್ಕಾರ ಪತನಗೊಂಡು ಖ್ವಾಜಾ ನಾಜಿಮುದ್ದೀನ್ ಅವರು ಮುಸ್ಲಿಂ ಲೀಗಿನ ನಾಯಕತ್ವದಲ್ಲಿ ಮಂತ್ರಿಮಂಡಲ ರಚಿಸಲು ಹೊರಟರು. ಆಗ ಮಂಡಲ್ ಅವರೊಂದಿಗೆ 21 ಪರಿಶಿಷ್ಟ ಜಾತಿ ಶಾಸಕರಿದ್ದರು. ಬೆಂಬಲಕ್ಕೆ ಪ್ರತಿಯಾಗಿ ಅವರು ಇಟ್ಟ ಷರತ್ತುಗಳು ಖಚಿತವಾಗಿದ್ದವು. ಮಂತ್ರಿಮಂಡಲದಲ್ಲಿ ಮೂವರು ಪರಿಶಿಷ್ಟರಿರಬೇಕು. ಪರಿಶಿಷ್ಟರ ಶಿಕ್ಷಣಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಅನುದಾನ ದೊರೆಯಬೇಕು. ಸರ್ಕಾರಿ ನೇಮಕಾತಿಯಲ್ಲಿ ಸಮುದಾಯವಾರು ಪ್ರಮಾಣವನ್ನು ಯಾವ ವಿನಾಯಿತಿಯೂ ಇಲ್ಲದೆ ಪಾಲಿಸಬೇಕು. ಈ ಒಪ್ಪಂದದಂತೆ ಮಂಡಲ್, ಪುಲಿನ್‌ಬಿಹಾರಿ ಮಲ್ಲಿಕ್ ಮತ್ತು ಪ್ರೇಮಹರಿ ವರ್ಮಾ ಮಂತ್ರಿಗಳಾದರು. ಮಂಡಲ್ ಅವರಿಗೆ ಸಹಕಾರಿ ಸಾಲ ಮತ್ತು ಗ್ರಾಮೀಣ ಋಣಭಾರದ ಖಾತೆ ದೊರೆಯಿತು.

ಈ ಖಾತೆ ಅವರ ರಾಜಕಾರಣದ ತರ್ಕಕ್ಕೆ ಹೊಂದುವಂಥದ್ದು. ಪೂರ್ವ ಬಂಗಾಳದ ಮುಸ್ಲಿಮರೂ ಪರಿಶಿಷ್ಟರೂ ಬಹುಪಾಲು ಗೇಣಿದಾರರು, ಕೂಲಿಗಳು, ಮೀನುಗಾರರು. ಇಬ್ಬರೂ ಶಿಕ್ಷಣದಲ್ಲಿ ಹಿಂದುಳಿದವರು. ಇಬ್ಬರಿಗೂ ಜಮೀನ್ದಾರಿಕೆ ಮತ್ತು ಬಡ್ಡಿಸಾಲಗಳೇ ಶತ್ರುಗಳು. ಆದ್ದರಿಂದ ಇವರ ಆರ್ಥಿಕ ಹಿತಾಸಕ್ತಿ ಒಂದೇ ಎಂಬುದು ಮಂಡಲ್ ಅವರ ದೃಢವಾದ ನಂಬಿಕೆ. 1950ರ ರಾಜೀನಾಮೆ ಪತ್ರದಲ್ಲಿಯೂ ಅವರು ಈ ವಿಶ್ಲೇಷಣೆಯನ್ನು ತಮ್ಮ ಅಂದಿನ ನಿರ್ಧಾರದ ಕಾರಣವಾಗಿ ಮತ್ತೆ ಮುಂದಿಡುತ್ತಾರೆ. ಇದೇ ವರ್ಷ ಅವರು ಅಂಬೇಡ್ಕರ್ ಅವರ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಂಗಾಳ ಶಾಖೆಯನ್ನು ಕಟ್ಟಿದರು ಎಂಬುದೂ ಮುಖ್ಯ. ಲೀಗಿನೊಡನೆ ಸೇರಿದ್ದೂ ಲೀಗಿನಿಂದ ಹೊರಗೆ ಸ್ವತಂತ್ರ ಸಂಘಟನೆಯನ್ನು ಕಟ್ಟಿದ್ದೂ ಒಟ್ಟಿಗೆ ನಡೆದ ಕ್ರಿಯೆಗಳು.

ಆದರೆ ಮೈತ್ರಿಯ ಮಿತಿಗಳೂ ಆಗಲೇ ಕಾಣಿಸಿಕೊಂಡವು. ನಾಜಿಮುದ್ದೀನ್ ಸರ್ಕಾರದ ಅವಧಿಯಲ್ಲಿಯೇ ಬಂಗಾಳದ ಮಹಾಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಬಹುಪಾಲು ಮಂಡಲ್ ಪ್ರತಿನಿಧಿಸಲು ಬಯಸಿದ ವರ್ಗದವರೇ ಆಗಿದ್ದರು. ಸರ್ಕಾರದ ಭಾಗವಾಗಿದ್ದ ಅವರಿಗೆ ಆ ಹೊಣೆಗಾರಿಕೆಯಿಂದ ಪೂರ್ತಿ ಬಿಡುಗಡೆಯಿಲ್ಲ. ಇನ್ನೊಂದು ಮಿತಿ ಹಳ್ಳಿಯ ಮಟ್ಟದ್ದು. ಶಾಸನಸಭೆಯಲ್ಲಿ ಒಂದಾಗಿದ್ದವರು ಗದ್ದೆಯ ಬದುವಿನಲ್ಲಿ ಯಾವಾಗಲೂ ಒಂದಾಗಿರಲಿಲ್ಲ. 1911ರಷ್ಟು ಹಿಂದೆಯೇ ಜೆಸ್ಸೋರ್ ಮತ್ತು ಖುಲ್ನಾ ಭಾಗದಲ್ಲಿ ನಮಶೂದ್ರರಿಗೂ ಮುಸ್ಲಿಮರಿಗೂ ಗಲಭೆಗಳಾಗಿದ್ದವು. ಶೇಖರ ಬಂದ್ಯೋಪಾಧ್ಯಾಯರು ನಮಶೂದ್ರರನ್ನು ಕುರಿತ ತಮ್ಮ ಅಧ್ಯಯನದಲ್ಲಿ ಈ ಸಂಘರ್ಷಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಸಮಾನ ಆರ್ಥಿಕ ಸ್ಥಿತಿಯಿಂದ ಸಮಾನ ರಾಜಕೀಯ ಪ್ರಜ್ಞೆ ತಾನಾಗಿಯೇ ಹುಟ್ಟುತ್ತದೆಂದು ಮಂಡಲ್ ನಂಬಿದರು. ಅದನ್ನು ಹಳ್ಳಿಗಳಲ್ಲಿ ಕಟ್ಟುವ ಕೆಲಸ ಶಾಸಕರ ನಡುವಣ ಒಪ್ಪಂದದಷ್ಟು ವೇಗವಾಗಿ ನಡೆಯಲಿಲ್ಲ.

4. 1946: ಒಂಟಿ ಶಾಸಕ, ನ್ಯಾಯಾಂಗ ಸಚಿವ

1946ರ ಚುನಾವಣೆ ಪರಿಸ್ಥಿತಿಯನ್ನು ಬದಲಿಸಿತು. ಬಂಗಾಳದ ಮೀಸಲು ಸ್ಥಾನಗಳಲ್ಲಿ ಹೆಚ್ಚಿನವು ಕಾಂಗ್ರೆಸ್ಸಿನ ಪಾಲಾದವು. ಒಕ್ಕೂಟದಿಂದ ಗೆದ್ದು ಬಂದವರು ಮಂಡಲ್ ಒಬ್ಬರೇ. 21 ಜನರ ನಾಯಕರಾಗಿದ್ದವರು ಮೂರು ವರ್ಷಗಳಲ್ಲಿ ಒಂಟಿಯಾದರು. ಜಂಟಿ ಮತಕ್ಷೇತ್ರದ ವ್ಯವಸ್ಥೆಯಲ್ಲಿ ಸ್ವತಂತ್ರ ದಲಿತ ಪಕ್ಷವೊಂದು ಉಳಿಯುವುದು ಎಷ್ಟು ಕಷ್ಟವೆಂಬುದನ್ನು ಈ ಫಲಿತಾಂಶ ತೋರಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸುಹ್ರವರ್ದಿ ಅವರು ರಚಿಸಿದ ಲೀಗ್ ಮಂತ್ರಿಮಂಡಲದಲ್ಲಿ ಮಂಡಲ್ ಅವರಿಗೆ ನ್ಯಾಯಾಂಗ, ಲೋಕೋಪಯೋಗಿ ಮತ್ತು ಕಟ್ಟಡಗಳ ಖಾತೆ ದೊರೆಯಿತು. ಬಾರಿಸಾಲ್‌ನ ವಕೀಲರು ಪ್ರಾಂತದ ನ್ಯಾಯಾಡಳಿತದ ಹೊಣೆ ಹೊತ್ತರು. 1943ರಲ್ಲಿ ಮಂತ್ರಿಪದವಿ ಅವರು ಚೌಕಾಸಿ ಮಾಡಿ ಪಡೆದದ್ದು. 1946ರದ್ದು ಲೀಗ್ ಅವರಿಗೆ ನೀಡಿದ್ದು. ಈ ವ್ಯತ್ಯಾಸದ ಪರಿಣಾಮ ಮುಂದಿನ ನಾಲ್ಕು ವರ್ಷಗಳುದ್ದಕ್ಕೂ ಕಾಣಿಸುತ್ತದೆ.

ಅಂಬೇಡ್ಕರ್ ಅವರನ್ನು ಸಂವಿಧಾನ ಸಭೆಗೆ ಆರಿಸಿ ಕಳುಹಿಸಿದ್ದು ಈ ಇಕ್ಕಟ್ಟಿನ ಹೊತ್ತಿನಲ್ಲಿಯೇ. ಮುಂಬಯಿ ಶಾಸನಸಭೆಯಲ್ಲಿ ಒಕ್ಕೂಟಕ್ಕೆ ಅವರನ್ನು ಗೆಲ್ಲಿಸುವಷ್ಟು ಬಲವಿರಲಿಲ್ಲ. ಮಂಡಲ್ ಅವರು ಪಕ್ಷಭೇದವನ್ನು ಮೀರಿ ಕೆಲವು ಪರಿಶಿಷ್ಟ ಶಾಸಕರ ಮತಗಳನ್ನು ಒಟ್ಟುಗೂಡಿಸಿ 1946ರ ಜುಲೈನಲ್ಲಿ ಅವರ ಆಯ್ಕೆಯನ್ನು ಸಾಧ್ಯವಾಗಿಸಿದರು. ಬಂಗಾಳದ ವಿಭಜನೆಯಿಂದ ಆ ಸ್ಥಾನ ಇಲ್ಲವಾದ ಮೇಲೆ ಅಂಬೇಡ್ಕರ್ 1947ರಲ್ಲಿ ಮುಂಬಯಿಯಿಂದ ಕಾಂಗ್ರೆಸ್ಸಿನ ಬೆಂಬಲದೊಡನೆ ಮರುಆಯ್ಕೆಯಾದರು. ಆದರೂ ಮೊದಲ ಪ್ರವೇಶದ ಮಹತ್ವ ಕಡಿಮೆಯಾಗುವುದಿಲ್ಲ. 1946ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಮಾತನಾಡಿದ್ದು ಬಂಗಾಳದ ಸದಸ್ಯರಾಗಿಯೇ.

ಮಂಡಲ್ ಅವರ ಬದುಕಿನ ಅತಿ ಕಠಿಣ ಪ್ರಶ್ನೆ ಏಳುವುದು 1946ರ ಆಗಸ್ಟ್ 16ರ ನಂತರ. ಲೀಗಿನ ನೇರ ಕಾರ್ಯಾಚರಣೆಯ ಕರೆಯಿಂದ ಕಲ್ಕತ್ತೆಯಲ್ಲಿ ಭೀಕರ ಹತ್ಯಾಕಾಂಡ ನಡೆಯಿತು. ಅಕ್ಟೋಬರ್‌ನಲ್ಲಿ ನೌಖಾಲಿಯಲ್ಲಿ ಹಿಂಸೆ ಭುಗಿಲೆದ್ದಿತು. ಮಂಡಲ್ ಮಂತ್ರಿಮಂಡಲವನ್ನು ಬಿಡಬೇಕೆಂಬ ಒತ್ತಾಯ ಎಲ್ಲೆಡೆಯಿಂದ ಬಂತು; ಅವರ ಪ್ರಾಣಕ್ಕೂ ಬೆದರಿಕೆಯಿತ್ತು. ಅವರು ರಾಜೀನಾಮೆ ನೀಡಲಿಲ್ಲ. ನಮಶೂದ್ರರು ಪ್ರತೀಕಾರಕ್ಕಿಳಿದರೆ ಗೇಣಿದಾರರೇ ಗೇಣಿದಾರರನ್ನು ಕೊಲ್ಲುವಂತಾಗುತ್ತದೆ ಎಂಬುದು ಅವರ ಆತಂಕವಾಗಿತ್ತು. ಹಳ್ಳಿಗಳನ್ನು ಸುತ್ತಿ ತಮ್ಮ ಜನರನ್ನು ಗಲಭೆಯಿಂದ ದೂರವಿಡಲು ಅವರು ಪ್ರಯತ್ನಿಸಿದರು. ಈ ಕೆಲಸದ ಬೆಲೆಯನ್ನು ತಳ್ಳಿಹಾಕಲಾಗದು. ಆದರೆ ಪ್ರಾಂತದ ನ್ಯಾಯಾಂಗ ಖಾತೆಯನ್ನು ಹೊತ್ತ ವ್ಯಕ್ತಿ, ಆ ಸರ್ಕಾರದ ನಡವಳಿಕೆಯ ಬಗೆಗೇ ಗಂಭೀರ ಆರೋಪಗಳು ಕೇಳಿಬಂದಾಗ, ಅದರೊಳಗೇ ಉಳಿದದ್ದು ಸರಿಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸಂಖ್ಯಾಬಲವಿದ್ದ 1943ರಲ್ಲಿ ಅವರ ನಿರ್ಗಮನ ಸರ್ಕಾರವನ್ನು ಅಲುಗಿಸುತ್ತಿತ್ತು. 1946ರಲ್ಲಿ ಅದು ಅವರನ್ನು ಮಾತ್ರ ಹೊರಗಿಡುತ್ತಿತ್ತು. ಇದು ಅವರ ನಿರ್ಧಾರಕ್ಕೆ ವಿವರಣೆಯಾಗುತ್ತದೆ, ಸಮರ್ಥನೆಯಾಗುವುದಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಲೀಗ್ ಕೇಂದ್ರದ ಮಧ್ಯಂತರ ಸರ್ಕಾರವನ್ನು ಸೇರಿದಾಗ ತನ್ನ ಐವರು ಸದಸ್ಯರಲ್ಲಿ ಒಬ್ಬರನ್ನಾಗಿ ಮಂಡಲ್ ಅವರನ್ನು ಹೆಸರಿಸಿತು. ಅವರಿಗೆ ಕಾನೂನು ಖಾತೆ ದೊರೆಯಿತು. ಮುಸ್ಲಿಮರೆಲ್ಲರ ಏಕೈಕ ಪ್ರತಿನಿಧಿ ತಾನೆಂದು ಲೀಗ್ ವಾದಿಸುತ್ತಿದ್ದರೂ ಕಾಂಗ್ರೆಸ್ ತನ್ನ ಪಾಲಿನಲ್ಲಿ ಮುಸ್ಲಿಮರೊಬ್ಬರನ್ನು ಸೇರಿಸಿತ್ತು. ಹಿಂದೂಗಳೆಲ್ಲರ ಪ್ರತಿನಿಧಿ ಕಾಂಗ್ರೆಸ್ ಅಲ್ಲವೆಂದು ತೋರಿಸುವುದು ಲೀಗಿನ ಪ್ರತಿತಂತ್ರವಾಗಿತ್ತು. ಹೀಗೆ ಭಾರತದ ಅತ್ಯುನ್ನತ ಮಂತ್ರಿಮಂಡಲಕ್ಕೆ ಮಂಡಲ್ ಪ್ರವೇಶಿಸಿದ್ದು ಎರಡು ದೊಡ್ಡ ಪಕ್ಷಗಳ ಜಗಳದಲ್ಲಿ ಒಂದು ವಾದವಾಗಿ.

5. ವಿಭಜನೆ ಮತ್ತು ಕರಾಚಿ

1947ರ ಮೊದಲ ಭಾಗದಲ್ಲಿ ಬಂಗಾಳವನ್ನು ಒಡೆಯಬೇಕೆಂಬ ಚಳವಳಿ ಬಲಗೊಂಡಾಗ ಮಂಡಲ್ ಅದನ್ನು ವಿರೋಧಿಸಿದರು. ಪಶ್ಚಿಮ ಬಂಗಾಳವೆಂಬ ಪ್ರತ್ಯೇಕ ಪ್ರಾಂತ ರಚನೆಯಾದರೆ ಭದ್ರಲೋಕಕ್ಕೆ ತನ್ನ ರಾಜಧಾನಿ ಮತ್ತು ಅಧಿಕಾರ ಉಳಿಯುತ್ತದೆ. ಪೂರ್ವದ ಗದ್ದೆಗಳಲ್ಲಿ ಬೇರೂರಿರುವ ನಮಶೂದ್ರರು ಅಲ್ಪಸಂಖ್ಯಾತರಾಗಿ ಹಿಂದೆ ಉಳಿಯುತ್ತಾರೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ಶರತ್‌ಚಂದ್ರ ಬೋಸ್ ಮತ್ತು ಸುಹ್ರವರ್ದಿ ಮುಂದಿಟ್ಟ ಅಖಂಡ ಬಂಗಾಳದ ಯೋಜನೆ ವಿಫಲವಾಯಿತು. ಜೂನ್ 20ರಂದು ಶಾಸನಸಭೆಯ ಮತದಾನ ವಿಭಜನೆಯನ್ನು ನಿಶ್ಚಿತಗೊಳಿಸಿತು. ಮುಂದಿನ ಘಟನೆಗಳು ಮಂಡಲ್ ಅವರ ಎಚ್ಚರಿಕೆಯನ್ನು ಬಹುಮಟ್ಟಿಗೆ ನಿಜವಾಗಿಸಿದವು. ಜಮೀನು ಮಾರಿ ಹೊರಡಬಲ್ಲವರು, ಕಲ್ಕತ್ತೆಯಲ್ಲಿ ಬಂಧುಗಳೂ ಉದ್ಯೋಗವೂ ಇದ್ದವರು ಮೊದಲು ಗಡಿ ದಾಟಿದರು. ದುಡಿಯುವವರು ಉಳಿದರು.

ಇಲ್ಲಿ ಮಂಡಲ್ ಅವರ ಇನ್ನೊಂದು ನಡೆಯನ್ನೂ ಹೇಳಬೇಕು. ಅಸ್ಸಾಮಿನ ಸಿಲ್ಹೆಟ್ ಜಿಲ್ಲೆಯ ಭವಿಷ್ಯವನ್ನು ನಿರ್ಧರಿಸಲು 1947ರ ಜುಲೈನಲ್ಲಿ ನಡೆದ ಜನಮತ ಸಂಗ್ರಹದಲ್ಲಿ ಅವರು ಪಾಕಿಸ್ತಾನದ ಪರವಾಗಿ ಪ್ರಚಾರ ಮಾಡಿದರು. ಬಂಗಾಳದ ವಿಭಜನೆಯನ್ನು ವಿರೋಧಿಸಿದ್ದಕ್ಕೆ ಕೊಡಬಹುದಾದ ಕಾರಣ ಇದಕ್ಕೆ ಅನ್ವಯಿಸುವುದಿಲ್ಲ. ಪಾಕಿಸ್ತಾನದ ಬೇಡಿಕೆಯನ್ನು ಚೌಕಾಸಿಯ ಸಾಧನವೆಂದು ತಾವು ಭಾವಿಸಿದ್ದಾಗಿ ಅವರು ಮುಂದೆ ಬರೆದರಾದರೂ, ಜುಲೈ ವೇಳೆಗೆ ಅದು ಚೌಕಾಸಿಯಾಗಿ ಉಳಿದಿರಲಿಲ್ಲ.

1947ರ ಆಗಸ್ಟ್ 10ರಂದು ಕರಾಚಿಯಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ ಮೊದಲ ಬಾರಿಗೆ ಸೇರಿದಾಗ ಅದರ ತಾತ್ಕಾಲಿಕ ಅಧ್ಯಕ್ಷತೆಯನ್ನು ವಹಿಸಿದವರು ಮಂಡಲ್. ಮರುದಿನ ಜಿನ್ನಾ ಅಧ್ಯಕ್ಷರಾಗಿ ಆಯ್ಕೆಯಾಗಿ, ಧರ್ಮಕ್ಕೂ ರಾಜ್ಯದ ವ್ಯವಹಾರಕ್ಕೂ ಸಂಬಂಧವಿಲ್ಲವೆಂಬ ಅರ್ಥದ ತಮ್ಮ ಪ್ರಸಿದ್ಧ ಭಾಷಣವನ್ನು ಮಾಡಿದರು. ಮಂಡಲ್ ಹೊಸ ರಾಷ್ಟ್ರದ ಕಾನೂನು ಮತ್ತು ಕಾರ್ಮಿಕ ಸಚಿವರಾದರು. ಅದೇ ವಾರದಲ್ಲಿ ದೆಹಲಿಯಲ್ಲಿ ಅಂಬೇಡ್ಕರ್ ಕಾನೂನು ಸಚಿವರಾದರು. ಒಂದು ಉಪಖಂಡದಿಂದ ಒಡೆದ ಎರಡೂ ರಾಷ್ಟ್ರಗಳ ಮೊದಲ ಕಾನೂನು ಸಚಿವರು ಅಸ್ಪೃಶ್ಯರೆನಿಸಿಕೊಂಡ ಸಮುದಾಯಗಳಿಂದ ಬಂದವರು, ಒಂದೇ ಒಕ್ಕೂಟದ ನಾಯಕರು. ಆದರೆ ಇಬ್ಬರ ಕಾರ್ಯಕ್ಷೇತ್ರ ಒಂದೇ ಆಗಿರಲಿಲ್ಲ. ಅಂಬೇಡ್ಕರ್ ಅವರಿಗೆ ಕರಡು ಸಮಿತಿಯ ಅಧ್ಯಕ್ಷತೆ ದೊರೆತು, 1950ರ ಜನವರಿಯ ವೇಳೆಗೆ ಸಂವಿಧಾನ ಜಾರಿಗೆ ಬಂದಿತ್ತು. ಪಾಕಿಸ್ತಾನಕ್ಕೆ ಮೊದಲ ಸಂವಿಧಾನ ದೊರೆತದ್ದು 1956ರಲ್ಲಿ. ಮಂಡಲ್ ತಮ್ಮ ಅಧಿಕಾರಾವಧಿಯುದ್ದಕ್ಕೂ ಸಂವಿಧಾನವಿಲ್ಲದ ದೇಶದ ಕಾನೂನು ಸಚಿವರಾಗಿದ್ದರು.

6. ಮೌನ ಮತ್ತು ಪತ್ರ

1948ರ ಸೆಪ್ಟೆಂಬರ್‌ನಲ್ಲಿ ಜಿನ್ನಾ ತೀರಿಕೊಂಡರು. 1949ರ ಮಾರ್ಚ್ 12ರಂದು ಸಂವಿಧಾನ ಸಭೆ ಧ್ಯೇಯಗಳ ನಿರ್ಣಯವನ್ನು ಅಂಗೀಕರಿಸಿತು. ಸಾರ್ವಭೌಮತ್ವವನ್ನು ದೇವರಿಗೆ ಸಲ್ಲಿಸಿ ಇಸ್ಲಾಮಿನ ತತ್ತ್ವಗಳನ್ನು ರಾಜ್ಯದ ಆಧಾರವಾಗಿಸುವ ನಿರ್ಣಯ ಅದು. ಮುಸ್ಲಿಮೇತರ ಸದಸ್ಯರು ತಂದ ತಿದ್ದುಪಡಿಗಳೆಲ್ಲ ಬಿದ್ದುಹೋದವು. ನಿರ್ಣಯವನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಬೇಕೆಂದು ಸೂಚಿಸಿದವರು ಪ್ರೇಮಹರಿ ವರ್ಮಾ. 1943ರಲ್ಲಿ ಮಂಡಲ್ ಅವರೊಂದಿಗೆ ಮಂತ್ರಿಯಾಗಿದ್ದವರೇ ಅವರು. ವಿರೋಧಿಸಿದವರ ಸಾಲಿನಲ್ಲಿ ಅವರ ಹೆಸರಿದೆ, ಕಾನೂನು ಸಚಿವರ ಹೆಸರಿಲ್ಲ. ಸಚಿವ ಸಂಪುಟದ ಸಾಮೂಹಿಕ ಹೊಣೆಗಾರಿಕೆಯನ್ನು ಇದಕ್ಕೆ ಕಾರಣವಾಗಿ ಹೇಳಬಹುದು. ಆದರೆ ರಾಜ್ಯದ ಸ್ವರೂಪವೇ ನಿರ್ಧಾರವಾಗುತ್ತಿದ್ದ ಆ ದಿನ ಕಾನೂನು ಸಚಿವರ ಮೌನಕ್ಕೆ ಬೇರೆಯದೇ ತೂಕವಿದೆ. ಮಂಡಲ್ ಅವರನ್ನು ಅವಕಾಶವಾದಿಯೆಂದು ಕರೆಯುವುದು ತಪ್ಪು. ಈ ಘಟ್ಟದಲ್ಲಿ ಅವರು ಸೋತರು ಎಂಬುದನ್ನು ಮಾತ್ರ ಅವರ ಅಭಿಮಾನಿ ಜೀವನಚರಿತ್ರೆಕಾರರೂ ಮರೆಮಾಚಬಾರದು.

1949ರ ಡಿಸೆಂಬರ್‌ನಲ್ಲಿ ಖುಲ್ನಾ ಜಿಲ್ಲೆಯ ಕಾಲ್‌ಶಿರಾ ಗ್ರಾಮದಲ್ಲಿ ಪೊಲೀಸ್ ದಾಳಿ ಮತ್ತು ನಂತರದ ಹಿಂಸೆಗೆ ಗುರಿಯಾದವರು ನಮಶೂದ್ರರು. 1950ರ ಫೆಬ್ರುವರಿಯಲ್ಲಿ ಢಾಕಾ ಮತ್ತು ಬಾರಿಸಾಲ್ ಸೇರಿದಂತೆ ಪೂರ್ವ ಬಂಗಾಳದ ಅನೇಕ ಭಾಗಗಳಲ್ಲಿ ಹಿಂದೂಗಳ ಮೇಲೆ ವ್ಯಾಪಕ ದಾಳಿಗಳಾದವು. ಗಡಿಯ ಈಚೆಗೆ ಪಶ್ಚಿಮ ಬಂಗಾಳದಲ್ಲಿ ಮುಸ್ಲಿಮರ ಮೇಲೆ ದಾಳಿಗಳಾದವು. ಏಪ್ರಿಲ್ 8ರಂದು ನೆಹರೂ ಮತ್ತು ಲಿಯಾಕತ್ ಅಲಿ ಖಾನ್ ಅಲ್ಪಸಂಖ್ಯಾತರ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದರು. ಮಂಡಲ್ ತಮ್ಮ ಸ್ವಂತ ಜಿಲ್ಲೆಯಲ್ಲಿ ಸುತ್ತಾಡಿ ಹಾನಿಯನ್ನು ಕಂಡರು. ಒಪ್ಪಂದ ಕಾಗದದಲ್ಲಿಯೇ ಉಳಿದಿದೆ ಎಂಬ ತೀರ್ಮಾನಕ್ಕೆ ಬಂದು, ಕಲ್ಕತ್ತೆಗೆ ಬಂದು ಅಕ್ಟೋಬರ್ 8ರಂದು ಪ್ರಧಾನಿ ಲಿಯಾಕತ್ ಅವರಿಗೆ ರಾಜೀನಾಮೆ ಬರೆದರು.

ಈ ಪತ್ರವನ್ನು ಆರೋಪಪಟ್ಟಿಯಾಗಿ ಓದುವುದು ವಾಡಿಕೆ. ಅದರ ರಚನೆಯನ್ನು ಗಮನಿಸಿದರೆ ವಕೀಲರೊಬ್ಬರು ಸಿದ್ಧಪಡಿಸಿದ ವ್ಯಾಜ್ಯಪತ್ರದ ಲಕ್ಷಣಗಳು ಎದ್ದು ಕಾಣುತ್ತವೆ. ಮೊದಲು ಮೂಲ ಒಪ್ಪಂದ ಮತ್ತು ಅದರ ಷರತ್ತುಗಳು. ಅನಂತರ ತಾವು ತಮ್ಮ ಪಾಲಿನ ಕರ್ತವ್ಯವನ್ನು ನಿರ್ವಹಿಸಿದ ಬಗೆ. ಆಮೇಲೆ ಊರು ಮತ್ತು ಕಾಲದ ವಿವರಗಳೊಡನೆ ಎದುರು ಪಕ್ಷ ಮಾಡಿದ ಉಲ್ಲಂಘನೆಗಳು. ಕೊನೆಯಲ್ಲಿ ಒಪ್ಪಂದ ಮುರಿದುಬಿದ್ದಿದೆ ಎಂಬ ಘೋಷಣೆ. ಪಾಕಿಸ್ತಾನದಲ್ಲಿ ಹಿಂದೂಗಳಿಗೆ ಭವಿಷ್ಯವಿಲ್ಲವೆಂಬ ಅದರ ನಿಲುಗಡೆಯನ್ನಷ್ಟೇ ಎತ್ತಿಕೊಂಡು, 1943ರ ಮೈತ್ರಿಗೆ ಕೊಟ್ಟ ಆರ್ಥಿಕ ಕಾರಣಗಳನ್ನು ಬಿಟ್ಟುಬಿಟ್ಟರೆ ಪತ್ರದ ತರ್ಕವೇ ಕೆಡುತ್ತದೆ. ಆ ಕಾರಣಗಳನ್ನು ಮಂಡಲ್ ಎಲ್ಲಿಯೂ ಹಿಂತೆಗೆದುಕೊಳ್ಳುವುದಿಲ್ಲ. ಎದುರು ಪಕ್ಷ ಮಾತು ತಪ್ಪಿತು ಎನ್ನುತ್ತಾರೆ. ಈ ವ್ಯಾಜ್ಯವನ್ನು ವಿಚಾರಿಸುವ ನ್ಯಾಯಾಲಯ ಮಾತ್ರ ಎಲ್ಲಿಯೂ ಇರಲಿಲ್ಲ.

7. ಮರಳಿದ ಮೇಲೆ

ಭಾರತಕ್ಕೆ ಬಂದ ಮಂಡಲ್ ಅವರನ್ನು ಯಾವ ಪಕ್ಷವೂ ತನ್ನವರೆಂದು ಒಪ್ಪಿಕೊಳ್ಳಲಿಲ್ಲ. ಪಾಕಿಸ್ತಾನದ ದೃಷ್ಟಿಯಲ್ಲಿ ಅವರು ದ್ರೋಹಿ; ಪಶ್ಚಿಮ ಬಂಗಾಳದ ಬಹುಜನರ ದೃಷ್ಟಿಯಲ್ಲಿ ಲೀಗಿನ ಮಾಜಿ ಮಂತ್ರಿ. ಕಲ್ಕತ್ತೆಯಲ್ಲಿ ಸರಳವಾಗಿ ಬದುಕುತ್ತ ಅವರು ತಮ್ಮ ಉಳಿದ 18 ವರ್ಷಗಳನ್ನು ಮುಖ್ಯವಾಗಿ ನಿರಾಶ್ರಿತರ ನಡುವೆ ಕಳೆದರು. 1950ರ ನಂತರ ಗಡಿ ದಾಟಿ ಬಂದವರಲ್ಲಿ ನಮಶೂದ್ರ ರೈತರ ಪ್ರಮಾಣ ದೊಡ್ಡದು. ಇವರನ್ನು ಸರ್ಕಾರಿ ಶಿಬಿರಗಳಲ್ಲಿರಿಸಿ, ಅನಂತರ ಬಂಗಾಳದ ಹೊರಗೆ, ವಿಶೇಷವಾಗಿ ದಂಡಕಾರಣ್ಯಕ್ಕೆ ಸಾಗಿಸುವ ಯೋಜನೆ 1958ರ ಸುಮಾರಿಗೆ ರೂಪುಗೊಂಡಾಗ ಮಂಡಲ್ ಅದನ್ನು ವಿರೋಧಿಸಿದರು. ನೀರಿನ ಸೀಮೆಯ ಬೇಸಾಯಗಾರರನ್ನು ಒಣ ಕಾಡಿಗೆ ಕಳುಹಿಸುವುದು ಪುನರ್ವಸತಿಯಲ್ಲ. ಚದುರಿಹೋದ ಸಮುದಾಯಕ್ಕೆ ಮತದ ಬಲವೂ ಉಳಿಯುವುದಿಲ್ಲ. ಈ ಹೋರಾಟದ ವಿವರಗಳನ್ನು ದ್ವೈಪಾಯನ ಸೇನ್ ಅವರ 2018ರ ಅಧ್ಯಯನ ಬೆಳಕಿಗೆ ತಂದಿದೆ. ಮಂಡಲ್ ಅವರ ಬದುಕು 1950ಕ್ಕೆ ಮುಗಿಯಿತೆಂಬ ಗ್ರಹಿಕೆಯನ್ನು ಅದು ತಿದ್ದಿದೆ.

1965ರ ಲೋಕೂರ್ ಸಮಿತಿ ಪರಿಶಿಷ್ಟರ ಪಟ್ಟಿಯಿಂದ ಕೆಲವು ಸಮುದಾಯಗಳನ್ನು ಕೈಬಿಡುವಂತೆ ಶಿಫಾರಸು ಮಾಡಿದಾಗ ಆ ಪಟ್ಟಿಯಲ್ಲಿ ನಮಶೂದ್ರರ ಹೆಸರೂ ಇತ್ತು. ಇದನ್ನು ವಿರೋಧಿಸಿದವರಲ್ಲಿ ಮಂಡಲ್ ಒಬ್ಬರು. ಚುನಾವಣಾ ರಾಜಕಾರಣ ಮಾತ್ರ ಅವರಿಗೆ ಮತ್ತೆ ಒಲಿಯಲಿಲ್ಲ. 1967ರ ಲೋಕಸಭಾ ಚುನಾವಣೆಯೂ ಸೇರಿ ಭಾರತದಲ್ಲಿ ಸ್ಪರ್ಧಿಸಿದ ಚುನಾವಣೆಗಳಲ್ಲೆಲ್ಲ ಅವರು ಸೋತರು. 1968ರ ಅಕ್ಟೋಬರ್ 5ರಂದು ಗಡಿಯ ಸಮೀಪದ ಬನಗಾಂವ್‌ನಲ್ಲಿ ತಮ್ಮ 64ನೆಯ ವಯಸ್ಸಿನಲ್ಲಿ ನಿಧನರಾದರು.

ಅವರು ವಿರೋಧಿಸಿದ ಚದುರುವಿಕೆ ಅವರ ನಂತರವೂ ಮುಂದುವರಿಯಿತು. ದಂಡಕಾರಣ್ಯದಿಂದ ಮರಳಿ ಸುಂದರಬನದ ಮರಿಚ್‌ಝಾಪಿ ದ್ವೀಪದಲ್ಲಿ ನೆಲೆಸಲು ಬಂದ ನಿರಾಶ್ರಿತರನ್ನು 1979ರಲ್ಲಿ ಬಲಪ್ರಯೋಗದಿಂದ ತೆರವುಗೊಳಿಸಲಾಯಿತು. ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಂಡ ಪೂರ್ವ ಬಂಗಾಳದ ಕುಟುಂಬಗಳೂ ಇದೇ ಚರಿತ್ರೆಯ ಭಾಗ. ಇವರಲ್ಲಿ ನಮಶೂದ್ರರು ಗಣನೀಯವಾಗಿದ್ದಾರೆ. ಬಾರಿಸಾಲ್‌ನ ಕಥೆ ಈ ಅರ್ಥದಲ್ಲಿ ಕರ್ನಾಟಕದ ಸಾಮಾಜಿಕ ಚರಿತ್ರೆಗೂ ಸೇರುತ್ತದೆ. ನಮ್ಮ ಸಂಶೋಧನೆ ಇತ್ತ ಇನ್ನಷ್ಟು ಗಮನ ಹರಿಸಬೇಕಾಗಿದೆ.

8. ಸಮಾರೋಪ

ಮಂಡಲ್ ಅವರನ್ನು ಮುಗ್ಧರೆಂದೂ ಅಂಬೇಡ್ಕರ್ ಅವರನ್ನು ದೂರದರ್ಶಿಯೆಂದೂ ಎದುರುಬದುರಾಗಿ ನಿಲ್ಲಿಸುವ ತೌಲನಿಕ ಓದು ಪ್ರಚಲಿತದಲ್ಲಿದೆ. ಇಬ್ಬರ ನಿಲುವುಗಳಲ್ಲಿ ಭಿನ್ನತೆಗಳಿದ್ದವು ಎಂಬುದು ನಿಜ. ಆದರೆ ಇಬ್ಬರ ಒಕ್ಕೂಟವೂ 1946ರಲ್ಲಿ ಸೋತಿತು. ಇಬ್ಬರೂ 1947ರಲ್ಲಿ ತಮ್ಮದಲ್ಲದ ಪಕ್ಷದ ಆಹ್ವಾನದಿಂದ ಕಾನೂನು ಸಚಿವರಾದರು. ಮಂಡಲ್ 1950ರಲ್ಲಿ ರಾಜೀನಾಮೆ ಕೊಟ್ಟರೆ, ಹಿಂದೂ ಸಂಹಿತೆ ಮಸೂದೆಯ ವಿಷಯದಲ್ಲಿ ಬೇಸತ್ತ ಅಂಬೇಡ್ಕರ್ 1951ರ ಸೆಪ್ಟೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅಂಬೇಡ್ಕರ್ ಅವರೂ ಸೋತರು. ದೆಹಲಿಯಲ್ಲಿ ಉಳಿದದ್ದು ಸಂವಿಧಾನ. ಕರಾಚಿಯಲ್ಲಿ ಮಂಡಲ್ ಅವರಿಗೆ ಅಂಥದೊಂದನ್ನು ಬಿಟ್ಟುಹೋಗುವ ಅವಕಾಶ ದೊರೆಯಲಿಲ್ಲ.

ಆದ್ದರಿಂದ ಮಂಡಲ್ ಅವರ ಬದುಕಿನಿಂದ ದಲಿತ-ಮುಸ್ಲಿಂ ಮೈತ್ರಿ ಸಾಧ್ಯವೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದು ಫಲಕಾರಿಯಲ್ಲ. ಅವರು ಮೂರು ಸರ್ಕಾರಗಳೊಡನೆ ನಡೆಸಿದ ಮೈತ್ರಿಗಳು ಒಂದೇ ಬಗೆಯವಲ್ಲ. 21 ಶಾಸಕರ ಬಲದಿಂದ ಷರತ್ತು ಹಾಕಿದ 1943ರ ಮೈತ್ರಿ, ಒಂಟಿಯಾಗಿ ಒಪ್ಪಿಕೊಂಡ 1946ರ ಮಂತ್ರಿಗಿರಿ, ಒಬ್ಬ ನಾಯಕನ ಭರವಸೆಯನ್ನು ನಂಬಿದ 1947ರ ಪದವಿ ಇವುಗಳನ್ನು ಬೇರೆಬೇರೆಯಾಗಿಯೇ ಅಳೆಯಬೇಕು. ಮೊದಲನೆಯದನ್ನು ತಪ್ಪೆನ್ನಲು ಆಧಾರಗಳು ಸಾಲವು. ಕೊನೆಯ ಎರಡರಲ್ಲಿ, ತಮ್ಮ ಜನರ ಪರವಾಗಿ ಮಾತನಾಡುವ ಸ್ಥಾನ ಅವರಿಗಿತ್ತು, ಮಾತನ್ನು ನಡೆಸಿಕೊಡುವ ಬಲವಿರಲಿಲ್ಲ. ಅದನ್ನು ಅರಿತೂ ಅವರು ಸ್ಥಾನದಲ್ಲಿ ಉಳಿದರು. ಪ್ರಾತಿನಿಧ್ಯವನ್ನು ಕುರಿತು ಬರೆಯುವ ನಮ್ಮ ಸಂಶೋಧನೆಗಳು ಯಾರು ಮಂತ್ರಿಯಾದರು ಎಂಬುದನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ ಯಾರ ಮತದಿಂದ ಆದರು ಎಂಬುದನ್ನೂ ದಾಖಲಿಸಬೇಕೆಂಬುದಕ್ಕೆ ಜೋಗೇಂದ್ರನಾಥ ಮಂಡಲ್ ಅವರ ಬದುಕು ಒಂದು ಸ್ಪಷ್ಟ ನಿದರ್ಶನ.